ಗೋಕರ್ಣನಾ, ಕಣ್ಣೂರಾ?
ಮೈಸೂರಿಂದ ಎರಡೇ ದಿನ ರಜಾ ಅಂದ್ರೆ ಕಣ್ಣೂರಿಗೇ ಹೋಗಿ ಗುರು, ಗೋಕರ್ಣ ಮುಟ್ಟೋಕೇ ಒಂದು ದಿನ ಬೇಕು. ಬೆಳಿಗ್ಗೆ ಬೇಗ ಹುಣಸೂರು, ವಿರಾಜಪೇಟೆ ದಾಟಿ ಮಾಕುಟ್ಟ ಘಾಟಿ ಇಳಿದ್ರೆ ಮಧ್ಯಾಹ್ನದೊಳಗೆ ಸಮುದ್ರ. ಮುಳಪ್ಪಿಲಂಗಾಡ್ ಬೀಚಲ್ಲಿ ಮರಳ ಮೇಲೇ ಸುಮಾರು 4 ಕಿ.ಮೀ. ಕಾರು ಓಡಿಸ್ಬೋದು (ಮಳೆಗಾಲ ಬಿಟ್ಟು), ನಮ್ಮ ಕಾರಿಂದ ಮಂಡ್ಯಕ್ಕೆ ಬಂದ್ಮೇಲೂ ಮರಳು ಉದುರ್ತಾನೇ ಇತ್ತು, ತಕ್ಷಣ ತೊಳೆಸಿ ಇಲ್ಲಾಂದ್ರೆ ತುಕ್ಕು. ಊಟಕ್ಕೆ ತಲಶ್ಶೇರಿ ಬಿರಿಯಾನಿ, ಸಣ್ಣಕ್ಕಿದು, ಬಾಸುಮತಿ ಅಲ್ಲ, ಅದಕ್ಕೇ ಆ ರುಚಿ. ಕಣ್ಣೂರಲ್ಲಿ 1505ರ ಪೋರ್ಚುಗೀಸ್ ಕೋಟೆನೂ ಇದೆ.

ನಾಲ್ಕು ದಿನ ಸಿಕ್ರೆ ಗೋಕರ್ಣ. ಕುಡ್ಲೆ ಬೀಚಲ್ಲಿ ರೂಮ್ ಮಾಡಿ, ಗುಡ್ಡ ಹತ್ತಿ ಓಂ ಬೀಚಿಗೆ ನಡ್ಕೊಂಡೇ ಹೋಗಿ. ಅಪ್ಪ ಅಮ್ಮ ಜೊತೆಗಿದ್ರೆ ಮಹಾಬಲೇಶ್ವರ ದೇವಸ್ಥಾನದ ಹತ್ರ ಊರೊಳಗೇ ಉಳ್ಕೊಳ್ಳಿ, ಹತ್ತಿಳಿಯೋದು ಅವ್ರ ಮಂಡಿಗೆ ಆಗಲ್ಲ.