ಕಡ್ಡಿ ನಾಲ್ಕು, ನೆಟ್ ಸೊನ್ನೆ: ಮೂರು ಜಾತ್ರೆ ಕಂಡ ಒಂದು ಸಿಮ್

ಕಲಬುರಗಿಯ ಸೂಪರ್ ಮಾರ್ಕೆಟ್‌ನ ಒಂದು ಓಣಿಯಲ್ಲಿ ನನ್ನದು ಬಳೆ ಅಂಗಡಿ. ಹೋಳಿ ಮುಗಿದು ನಾಲ್ಕೈದು ದಿನಕ್ಕೆ ಶರಣಬಸವೇಶ್ವರರ ತೇರು. ಆಗ ಅಂಗಡಿಯ ಅರ್ಧ ಸರಕು ಜಾತ್ರೆಯ ಬಯಲಿಗೆ ಹೋಗುತ್ತದೆ, ಹಿಂದೆ ನಾನೂ ಹೋಗುತ್ತೇನೆ. ಈಗಿರುವ ಸಿಮ್ ತೆಗೆದುಕೊಂಡದ್ದು 2023ರ ಜನವರಿಯಲ್ಲಿ. ಅಲ್ಲಿಂದ ಮೂರು ಜಾತ್ರೆ, ಮೂರು ಉರುಸು, ಗಾಣಗಾಪುರದ ಎರಡು ದತ್ತ ಜಯಂತಿ ಇದನ್ನೇ ನಂಬಿಕೊಂಡು ಕಳೆದಿದ್ದೇನೆ. ಕೊಂಡ ವಾರದಲ್ಲೇ ಐದು ನಕ್ಷತ್ರ ಕೊಟ್ಟು ಬರೆದಿದ್ದರೆ ಇಂದು ನಾಚಿಕೆಯಾಗುತ್ತಿತ್ತು.

ಬರಿಯ ದಿನಗಳಲ್ಲಿ ಇದರ ಮೇಲೆ ನನ್ನ ತಕರಾರಿಲ್ಲ. ಮನೆಯಲ್ಲಿ ಮಗಳ ಪಾಠದ ವಿಡಿಯೊ ನಿಲ್ಲದೆ ಓಡುತ್ತದೆ, ಅಂಗಡಿಯಲ್ಲಿ ಸ್ಕ್ಯಾನರ್‌ಗೆ ಹಣ ಬಿದ್ದ ಕೂಡಲೇ ಡಬ್ಬಿ ಕೂಗುತ್ತದೆ. ಅಷ್ಟಕ್ಕೆ ನಾಲ್ಕು ನಕ್ಷತ್ರ. ಐದನೆಯದನ್ನು 28 ದಿನಕ್ಕೊಮ್ಮೆ ರೀಚಾರ್ಜ್ ಕೇಳಿ ವರ್ಷವನ್ನು ಹದಿಮೂರು ತಿಂಗಳು ಮಾಡಿದ್ದಕ್ಕೆ ಹಿಡಿದಿಟ್ಟುಕೊಂಡಿದ್ದೇನೆ.

ಜಾತ್ರೆಯ ಕಥೆಯೇ ಬೇರೆ. 2023ರ ತೇರಿನ ಸಂಜೆ ಜೇವರ್ಗಿ ಕಡೆಯ ತಾಯಿಯೊಬ್ಬರು ಇಬ್ಬರು ಹೆಣ್ಣುಮಕ್ಕಳೊಂದಿಗೆ ಬಂದು ಕುಳಿತರು. ಮೂವರಿಗೂ ಹಸಿರು ಗಾಜಿನ ಬಳೆ ತೊಡಿಸಿದೆ, 180 ರೂಪಾಯಿ ಆಯಿತು. ದೊಡ್ಡ ಮಗಳು ಫೋನ್ ಹಿಡಿದಳು. ಮೇಲೆ ಸಿಗ್ನಲ್‌ನ ನಾಲ್ಕು ಕಡ್ಡಿ ತುಂಬಿವೆ, ಕೆಳಗೆ ಚಕ್ರ ತಿರುಗುತ್ತಲೇ ಇದೆ. ಆಚೆ ತೇರಿನ ಮೇಲೆ ಜನ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಿದ್ದರು. ತೇರು ಹೋಗಿ ಮುಟ್ಟಿತು, ಹಣ ಮುಟ್ಟಲಿಲ್ಲ. ‘ನಮ್ಮ ಖಾತೆಯಿಂದ ಹೋಗಿದೆ ಅಕ್ಕಾ, ನೋಡಿ’ ಎಂದಳು. ನನ್ನ ಡಬ್ಬಿ ಮೌನ. ಬೇರೆ ಸರಕಾದರೆ ಇಟ್ಟು ಹೋಗಿ ಎನ್ನಬಹುದು. ಗಾಜಿನ ಬಳೆಯನ್ನು ಕೈ ಒತ್ತಿ, ಹಿಂಡಿ ಏರಿಸಿರುತ್ತೇವೆ, ಮರಳಿ ತೆಗೆಯಲು ಹೋದರೆ ಒಡೆಯುತ್ತದೆ. ಜಾತ್ರೆಯ ದಿನ ಮುತ್ತೈದೆಯ ಮುಂದೆ ಒಡೆಯುವ ಮಾತನ್ನು ಯಾವ ಬಳೆಗಾರ್ತಿ ಆಡುತ್ತಾಳೆ? ಉದ್ರಿ ಬರೆದುಕೊಂಡು ಕಳುಹಿಸಿದೆ. ಮೂರನೇ ದಿನ ಹಣ ಅವರ ಖಾತೆಗೇ ಮರಳಿತಂತೆ. ಪುಣ್ಯಾತ್ಮಳು ಫೋನ್ ಮಾಡಿ ಮತ್ತೆ ಕಳುಹಿಸಿದಳು. ಅಂಗಡಿಗೆ ಕಳುಹಿಸಿದ ಯುಪಿಐ ಹಣ ಹೀಗೆ ನಡುವೆ ಸಿಕ್ಕಿಬಿದ್ದರೆ ಐದು ದಿನದೊಳಗೆ ಕಳುಹಿಸಿದವರಿಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ಆ ದಿನ ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ಸಂಜೆಯ ವ್ಯಾಪಾರವೇನೂ ಉಳಿಯುತ್ತಿರಲಿಲ್ಲ. ಅಂದು ಬರೆದುಕೊಂಡ ಹನ್ನೊಂದು ಉದ್ರಿಗಳಲ್ಲಿ ನಾಲ್ಕು ಇಂದಿಗೂ ಬಂದಿಲ್ಲ.

ಕಡ್ಡಿ ತುಂಬಿದ್ದರೂ ನೆಟ್ ಏಕಿಲ್ಲ ಎಂಬುದನ್ನು ಟವರ್ ದುರಸ್ತಿಯ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಬಿಡಿಸಿ ಹೇಳಿದ. ಜಾತ್ರೆಯಲ್ಲಿ ಮಕ್ಕಳು ತಪ್ಪಿಸಿಕೊಂಡರೆ ಮೈಕಿನಲ್ಲಿ ಕೂಗುತ್ತಾರಲ್ಲ, ಆ ದನಿ ಬಯಲಿಗೆಲ್ಲ ಕೇಳುತ್ತದೆ. ಕಡ್ಡಿ ತೋರಿಸುವುದು ಅದನ್ನೇ, ಟವರ್‌ನ ದನಿ ನಮಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನು. ಮೈಕಿನವನ ಮೇಜಿನ ಮುಂದೆ ಎಷ್ಟು ಜನ ನಿಂತಿದ್ದಾರೆ, ನಮ್ಮ ಸರದಿ ಯಾವಾಗ ಎಂಬುದನ್ನು ಕಡ್ಡಿ ಹೇಳುವುದಿಲ್ಲ. ಅವನು ಲೆಕ್ಕವನ್ನೂ ಹಾಕಿ ತೋರಿಸಿದ. 4ಜಿಯಲ್ಲಿ 20 ಮೆಗಾಹರ್ಟ್ಸ್ ಅಗಲದ ಒಂದು ತರಂಗ ಪಟ್ಟಿ ಎಲ್ಲವೂ ಸರಿಯಿದ್ದಾಗ ಸೆಕೆಂಡಿಗೆ ಸುಮಾರು 150 ಮೆಗಾಬಿಟ್ ಕೊಡುತ್ತದೆ. ಟವರ್‌ನ ಒಂದು ಮುಖದ ಕೆಳಗೆ ಎರಡು ಸಾವಿರ ಫೋನ್ ಒಟ್ಟಿಗೆ ಕೇಳಿದರೆ ತಲೆಗೆ 75 ಕಿಲೊಬಿಟ್ ಬಂದೀತು. ಅದೂ ಕಾಗದದ ಲೆಕ್ಕ, ಬಯಲಿನಲ್ಲಿ ಅಷ್ಟೂ ಸಿಗದು. ಇನ್ನು ನಮ್ಮಿಂದ ಟವರ್‌ಗೆ ಹೋಗುವ ದಾರಿ ಇನ್ನೂ ಇಕ್ಕಟ್ಟು. ಟವರ್ ಹತ್ತಾರು ವಾಟ್‌ನಲ್ಲಿ ಮಾತನಾಡಿದರೆ ನಮ್ಮ ಫೋನ್ ಹೆಚ್ಚೆಂದರೆ ಒಂದು ವಾಟ್‌ನ ಐದನೇ ಒಂದು ಭಾಗದಲ್ಲಿ ಪಿಸುಗುಟ್ಟುತ್ತದೆ. ತೇರು ಎಳೆಯುವ ಹೊತ್ತಿಗೆ ಎಲ್ಲರೂ ಫೋನ್ ಎತ್ತಿ ಊರಿನವರಿಗೆ ನೇರವಾಗಿ ವಿಡಿಯೊ ತೋರಿಸುತ್ತಾರೆ. ಆ ನೂಕುನುಗ್ಗಲಲ್ಲಿ ನನ್ನ ಗಿರಾಕಿಯ ನೂರೆಂಬತ್ತು ರೂಪಾಯಿ ಸಿಕ್ಕಿಕೊಂಡಿತ್ತು.

ಎರಡನೇ ಜಾತ್ರೆಯಲ್ಲಿ 198ಕ್ಕೆ ಕರೆ ಮಾಡಿ ದೂರು ಕೊಟ್ಟೆ. ಆ ಕಡೆಯ ಹುಡುಗ ಬಹಳ ಮರ್ಯಾದೆಯಿಂದ ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಲು ಹೇಳಿದ. ನಂತರ, ನಿಮ್ಮ ಪ್ರದೇಶದಲ್ಲಿ ಸಿಗ್ನಲ್ ಚೆನ್ನಾಗಿದೆ ಮೇಡಂ ಎಂದ. ಸಿಗ್ನಲ್ ಚೆನ್ನಾಗಿದೆ ಎಂಬುದೇ ನನ್ನ ದೂರು ಎಂದು ಅವನಿಗೆ ತಿಳಿಸುವಷ್ಟರಲ್ಲಿ ನಾಲ್ವರು ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗಿದ್ದರು. ಜಾತ್ರೆ ಕರಗಿ, ನಾನು ಡೇರೆ ಬಿಚ್ಚಿದ ಮೇಲೆ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಸಂದೇಶ ಬಂತು. ಸುಳ್ಳೇನಲ್ಲ, ಜನ ಮನೆಗೆ ಹೋಗಿದ್ದರು. ಯಾವ ಕಂಪನಿಯ ಜಾಲ ಎಲ್ಲಿದೆ ಎಂಬ ನಕ್ಷೆಯನ್ನು ಜಾಲತಾಣದಲ್ಲಿ ಹಾಕಬೇಕೆಂದು ಫೋನ್ ಕಂಪನಿಗಳ ನಿಯಂತ್ರಕ ಟ್ರಾಯ್ 2024ರ ಅಕ್ಟೋಬರ್‌ನಿಂದ ಕಡ್ಡಾಯ ಮಾಡಿದೆ. ತೆರೆದು ನೋಡಿದೆ, ಜಾತ್ರೆಯ ಬಯಲು ಪೂರ್ತಿ ಬಣ್ಣ ತುಂಬಿಕೊಂಡಿತ್ತು. ಆ ನಕ್ಷೆಗೆ ಜನ ಕಾಣುವುದಿಲ್ಲ. 2025ರಲ್ಲಿ ಪ್ರಯಾಗರಾಜ್‌ನ ಮಹಾಕುಂಭಕ್ಕೆ ವಾಹನದ ಮೇಲೆ ಟವರ್ ಹೊತ್ತು ತಂದು ನಿಲ್ಲಿಸಿದ್ದರು. ತೇರಿನ ಎರಡು ದಿನಕ್ಕೆ ಅಂಥದ್ದೊಂದು ನಮ್ಮ ಬಯಲಿನ ಅಂಚಿಗೂ ಬಂದರೆ ಅದಕ್ಕೆ ನಾನೇ ಕಾಯಿ ಒಡೆಯುತ್ತೇನೆ.

ಖ್ವಾಜಾ ಬಂದೇ ನವಾಜ್ ದರ್ಗಾದ ಉರುಸಿನಲ್ಲಿ ಕಷ್ಟ ಇಷ್ಟಿಲ್ಲ. ಸಂದಲ್ ಮೆರವಣಿಗೆ ಮೆಹಬೂಬ್ ಗುಲ್ಶನ್ ಉದ್ಯಾನದಿಂದ ಹೊರಟು ದರ್ಗಾದ ಕಡೆ ಸಾಗುತ್ತದೆ, ಜನ ಮುಂದೆ ಹೋದ ಹಾಗೆ ಹಿಂದೆ ನೆಟ್ ಚೇತರಿಸಿಕೊಳ್ಳುತ್ತದೆ. ಗಾಣಗಾಪುರದ ಸಂಗಮದಲ್ಲಿ ಕಡ್ಡಿಯೇ ಎರಡು, ಅದೂ ಬಂದು ಹೋಗುತ್ತಿರುತ್ತದೆ. ಅದೇ ಲೇಸು, ಮೊದಲೇ ನೋಟು ಕೇಳಿಬಿಡುತ್ತೇನೆ.

ಕಂಪನಿ ಬದಲಾಯಿಸಬಾರದೇ ಎಂದು ಎಲ್ಲರೂ ಕೇಳುತ್ತಾರೆ. 1900ಕ್ಕೆ ಪೋರ್ಟ್ ಸಂದೇಶ ಕಳುಹಿಸುವ ಮೊದಲು ಅಕ್ಕಪಕ್ಕದವರ ಫೋನ್ ಪಡೆದು ನೋಡಿದೆ. ಆಟಿಕೆಯವನದು ಬೇರೆ ಕಂಪನಿ, ಮಿರ್ಚಿ ಭಜ್ಜಿ ಕಾಕಾನದು ಮತ್ತೊಂದು. ತೇರಿನ ಹೊತ್ತಿಗೆ ಎಲ್ಲರ ಚಕ್ರವೂ ತಿರುಗುತ್ತಿತ್ತು. ಅದು ಬಿಟ್ಟರೆ ನಮ್ಮ ಡಬ್ಬಿಯದು ಇನ್ನೊಂದು ತಮಾಷೆ. ಅದರೊಳಗೆ ಅದರದೇ ಸಿಮ್ ಇರುವುದರಿಂದ ಫೋನ್ ಸತ್ತಾಗಲೂ ಅದು ಒಮ್ಮೊಮ್ಮೆ ಕೂಗುತ್ತದೆ. ಆದರೆ ಹಣ ಕಳುಹಿಸಬೇಕಾದವರು ಗಿರಾಕಿ, ನೆಟ್ ಬೇಕಾದದ್ದು ಅವರ ಕೈಯಲ್ಲಿ. *99# ಒತ್ತಿದರೆ ನೆಟ್ ಇಲ್ಲದೆಯೂ ಹಣ ಹೋಗುತ್ತದೆ ಎಂದು ಇಬ್ಬರಿಗೆ ಕಲಿಸಲು ನೋಡಿದೆ. ಮೂರನೇ ಮೆನು ಬರುವಷ್ಟರಲ್ಲಿ ಅವರು ಸೆರಗಿನ ಗಂಟು ಬಿಚ್ಚಿ ನೋಟು ಕೊಟ್ಟರು.

ಈ ವರ್ಷದ ಜಾತ್ರೆಯ ಮೊದಲ ಎರಡು ದಿನ ಬಳೆ ತೊಡಿಸುತ್ತಲೇ ಪ್ರತಿಯೊಬ್ಬರನ್ನೂ ‘ನಿಮ್ಮದು ಯಾವ ಸಿಮ್ ಅಕ್ಕಾ?’ ಎಂದು ಕೇಳಿ ಉದ್ರಿ ಪುಸ್ತಕದ ಹಿಂಬದಿ ಗೀಟು ಹಾಕಿದೆ. ಯಾವ ಕಂಪನಿಗೆ ಅತಿ ಕಡಿಮೆ ಗೀಟು ಬಿದ್ದಿದ್ದವೋ ಆ ಕಂಪನಿಯ ಸಿಮ್ ತಂದು ಹಳೆಯ ಫೋನಿಗೆ ಹಾಕಿ, ಹಾಟ್‌ಸ್ಪಾಟ್ ಮಾಡಿ, ಪಾಸ್‌ವರ್ಡನ್ನು ರಟ್ಟಿನ ಮೇಲೆ ಬರೆದು ಬಳೆಯ ಕಂಬಕ್ಕೆ ತೂಗುಹಾಕಿದೆ. ಆ ಸಿಮ್ ಬರಿಯ ದಿನ ನನ್ನ ಮನೆಯಲ್ಲಿ ಸರಿಯಾಗಿ ಸಿಗುವುದೂ ಇಲ್ಲ. ತೇರಿನ ಸಂಜೆ ಮಾತ್ರ ಉದ್ರಿ ಎರಡೇ ಬಿದ್ದವು.

ಆ ಕಂಪನಿ ಯಾವುದೆಂದು ಕೇಳಬೇಡಿ. ನೀವೆಲ್ಲ ಅದನ್ನೇ ಕೊಂಡು ಬಂದರೆ ಬರುವ ವರ್ಷ ನಾನು ಮತ್ತೆ ಗೀಟು ಹಾಕುತ್ತಾ ಕೂರಬೇಕಾಗುತ್ತದೆ.