ಪಾಪೆ ಪರೀಕ್ಷೆಯ ಆಪ್: ಎರಡೂ ಕಣ್ಣಿಗೆ ಒಟ್ಟಿಗೆ ಬೆಳಕು ಬಿಟ್ಟು ಬಂದ ಹಸಿರು ಗುರುತನ್ನು ನಂಬಬೇಡಿ

ಜಯನಗರದ ಕಡೆ ಒಂದು ಭಾನುವಾರ ನಡೆದ ಉಚಿತ ಕಣ್ಣಿನ ತಪಾಸಣಾ ಶಿಬಿರದಲ್ಲಿ ಮೊಬೈಲ್ ಆಪ್‌ನಿಂದ ಪಾಪೆಯ ಪರೀಕ್ಷೆ ಇಟ್ಟಿದ್ದರು. ಫೋನಿನ ಫ್ಲ್ಯಾಶ್ ಬೆಳಗಿಸಿ, ಪಾಪೆ ಎಷ್ಟು ಬೇಗ ಮತ್ತು ಎಷ್ಟು ಕಿರಿದಾಗುತ್ತದೆ ಎಂದು ಅಳೆಯುವ ಆಪ್ ಅದು. ಸಾಲು ಉದ್ದವಾಯಿತೆಂದು ಯಾರೋ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ‘ಒಂದೊಂದೇ ಕಣ್ಣು’ ಅಂತಿದ್ದುದನ್ನು ‘ಎರಡೂ ಕಣ್ಣು’ ಎಂದು ಬದಲಿಸಿದರು. ಒಬ್ಬೊಬ್ಬರಿಗೆ ಹಿಡಿಯುತ್ತಿದ್ದ ಸಮಯ ಅರ್ಧವಾಯಿತು. ಬಲಗಣ್ಣಿಗೆ ಕೆಂಪು ಬಣ್ಣ ಮಾಸಿದಂತೆ ಕಾಣುತ್ತದೆ, ಕಣ್ಣು ಹೊರಳಿಸಿದರೆ ನೋಯುತ್ತದೆ ಎಂದು ಹೇಳಿಕೊಂಡು ಬಂದಿದ್ದ ಮಹಿಳೆಗೂ ಹಸಿರು ಗುರುತು ಬಂತು. ‘ಏನೂ ತೊಂದರೆ ಇಲ್ಲಮ್ಮ’ ಎಂದು ಚೀಟಿ ಕೊಟ್ಟು ಕಳಿಸಿದರು. ಹನ್ನೊಂದು ದಿನ ಕಳೆದು, ದೃಷ್ಟಿ ಇನ್ನೂ ಮಂಕಾದ ಮೇಲೆ ಅವರು ಆಸ್ಪತ್ರೆಗೆ ಹೋದರು. ಅಲ್ಲಿ ವೈದ್ಯರು ಪೆನ್ ಟಾರ್ಚನ್ನು ಒಂದು ಕಣ್ಣಿಂದ ಇನ್ನೊಂದಕ್ಕೆ ಆಡಿಸಿದ ಕೂಡಲೇ ಬಲಗಣ್ಣಿನ ದೋಷ ಕಂಡಿತು. ಮುಂದಿನ ತಪಾಸಣೆಯಲ್ಲಿ ದೃಷ್ಟಿನರದ ಉರಿಯೂತ ಎಂದು ಗೊತ್ತಾಯಿತು.

ಆಪ್ ಕೆಟ್ಟಿರಲಿಲ್ಲ. ಅದಕ್ಕೆ ಕೊಟ್ಟ ಕೆಲಸವೇ ತಪ್ಪಾಗಿತ್ತು. ಒಂದು ಕಣ್ಣಿಗೆ ಬಿದ್ದ ಬೆಳಕಿನ ಸುದ್ದಿ ದೃಷ್ಟಿನರದ ಮೂಲಕ ನಡುಮಿದುಳಿಗೆ ಹೋಗುತ್ತದೆ. ಅಲ್ಲಿಂದ ಆಜ್ಞೆ ಹೊರಡುವುದು ಎರಡೂ ಕಣ್ಣಿಗೆ, ಮೂರನೇ ಕಪಾಲನರದ ಮೂಲಕ. ಹಾಗಾಗಿ ಒಂದು ಬದಿಯ ದೃಷ್ಟಿನರ ಸೊರಗಿದ್ದರೂ ಎರಡು ಪಾಪೆಗಳ ಅಳತೆ ಸಮನಾಗಿಯೇ ಇರುತ್ತದೆ. ಎರಡಕ್ಕೂ ಒಟ್ಟಿಗೆ ಬೆಳಕು ಬಿಟ್ಟರೆ ಒಳ್ಳೆಯ ಕಣ್ಣೇ ಎರಡೂ ಪಾಪೆಗಳನ್ನು ಕಿರಿದಾಗಿಸಿಬಿಡುತ್ತದೆ. ಎಡ, ಬಲ ಹೋಲಿಸಿ ನೋಡುವ ಆಪ್‌ಗೆ ವ್ಯತ್ಯಾಸವೇ ಸಿಗುವುದಿಲ್ಲ, ಹಸಿರು ತೋರಿಸುತ್ತದೆ. ಟಾರ್ಚ್ ಆಡಿಸುವ ಪರೀಕ್ಷೆಯಲ್ಲಿ ಪ್ರತಿ ಕಣ್ಣಿನ ಮೇಲೆ ಸುಮಾರು 3 ಸೆಕೆಂಡು ಬೆಳಕು ಹಿಡಿದು ಚಕ್ಕನೆ ಇನ್ನೊಂದಕ್ಕೆ ತರುತ್ತಾರೆ. ಬೆಳಕು ದೋಷವಿರುವ ಕಣ್ಣಿಗೆ ಬಂದಾಗ ಕಿರಿದಾಗಬೇಕಾದ ಪಾಪೆಗಳು ಅಗಲವಾಗುತ್ತವೆ. ಹಾಗೆ ಅಗಲವಾಗುವುದು ಕಾಣಬೇಕಾದರೆ ಬೆಳಕು ಒಂದು ಕಣ್ಣಿಗೆ ಮಾತ್ರ ಬೀಳಲೇಬೇಕು. ಮುಖದ ಎದುರು ಹಿಡಿದ ಫೋನಿನ ಫ್ಲ್ಯಾಶ್‌ನಿಂದ ಇದು ಸಾಧ್ಯವಿಲ್ಲ. ಫೋನನ್ನು ಸ್ಟ್ಯಾಂಡಿಗೆ ಹಾಕಿ, ಅದರ ಫ್ಲ್ಯಾಶ್ ಆಫ್ ಮಾಡಿ, ಪೆನ್ ಟಾರ್ಚನ್ನು ಕೆಳಗಿನಿಂದ, ಸ್ವಲ್ಪ ಓರೆಯಾಗಿ ಹಿಡಿಯಿರಿ. ಮೂಗಿನ ಮೇಲೆ, ಎರಡು ಕಣ್ಣುಗಳ ನಡುವೆ ಕಪ್ಪು ರಟ್ಟಿನ ತುಂಡನ್ನು ನೆಟ್ಟಗೆ ನಿಲ್ಲಿಸಿದರೆ ಬೆಳಕು ಆಚೆ ಸೋರುವುದಿಲ್ಲ. ಪರೀಕ್ಷೆಗೆ ಕೂತವರು ಕನಿಷ್ಠ 3 ಮೀಟರ್ ದೂರದ ಗೋಡೆಯನ್ನು ನೋಡುತ್ತಿರಬೇಕು. ಹತ್ತಿರದ ಫೋನಿನ ಪರದೆ ನೋಡಿದರೆ ಅಷ್ಟಕ್ಕೇ ಪಾಪೆ ಕಿರಿದಾಗುತ್ತದೆ.

ಆ ದಿನದ ವಿಡಿಯೋ ಮತ್ತು ಸೆಟ್ಟಿಂಗ್‌ಗಳನ್ನು ಆಮೇಲೆ ತೆಗೆದು ನೋಡಿದಾಗ ಇನ್ನಷ್ಟು ತಪ್ಪುಗಳು ಸಿಕ್ಕವು. ಎಲ್ಲಕ್ಕಿಂತ ದಿಗಿಲು ಹುಟ್ಟಿಸಿದ್ದು ‘ಮಿರರ್’ ಎಂಬ ಪುಟ್ಟ ಗುಂಡಿ. ಮುಂಬದಿಯ ಕ್ಯಾಮೆರಾದಲ್ಲಿ ಇದು ಆನ್ ಆಗಿದ್ದರೆ ಕೆಲವು ಆಪ್‌ಗಳು ಎಡಗಣ್ಣಿನ ಅಂಕಿಯನ್ನು ಬಲಗಣ್ಣಿನ ಹೆಸರಲ್ಲಿ ಬರೆಯುತ್ತವೆ. ಶಿಬಿರ ಶುರುವಾಗುವ ಮೊದಲು ಒಬ್ಬರ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಸಿ ಒಂದು ಪರೀಕ್ಷೆ ಓಡಿಸಿ. ವರದಿಯಲ್ಲಿ ‘ಬಲಗಣ್ಣು ಸಿಗಲಿಲ್ಲ’ ಎಂದೇ ಬರಬೇಕು. ಒಂದು ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ.

ಗ್ರಾಫ್ ಅಂಕುಡೊಂಕಾಗಿದೆ ಎಂದು ‘ಸ್ಮೂದಿಂಗ್’ (ಅಕ್ಕಪಕ್ಕದ ಫ್ರೇಮುಗಳ ಸರಾಸರಿ ತೆಗೆದು ಗೆರೆಯನ್ನು ನಯಮಾಡುವುದು) ಅನ್ನು 21 ಫ್ರೇಮಿಗೆ ಏರಿಸಿದ್ದರು. ಲೆಕ್ಕ ಹಾಕಿ: ಸೆಕೆಂಡಿಗೆ 30 ಫ್ರೇಮ್ ಎಂದರೆ ಒಂದು ಫ್ರೇಮಿಗೆ 33 ಮಿಲಿಸೆಕೆಂಡು, 21 ಫ್ರೇಮಿಗೆ 700. ಬೆಳಕು ಬಿದ್ದ ಮೇಲೆ ಆರೋಗ್ಯವಂತ ಪಾಪೆ ಸುಮಾರು 200ರಿಂದ 250 ಮಿಲಿಸೆಕೆಂಡಿಗೆ ಕದಲಲು ಶುರುಮಾಡಿ, ಒಂದು ಸೆಕೆಂಡಿನ ಆಸುಪಾಸಿನಲ್ಲಿ ಅತಿ ಕಿರಿದಾಗುತ್ತದೆ. ಆ ಇಡೀ ಚಲನೆಯಷ್ಟೇ ಉದ್ದದ ಸರಾಸರಿ ತೆಗೆದರೆ ವೇಗದ ಅಂಕಿ ಕುಸಿಯುತ್ತದೆ, ಚುರುಕಾದ ಪಾಪೆಯೂ ಮಂದವೆಂದು ಕಾಣುತ್ತದೆ. ಸರಾಸರಿಯು ಹಿಂದುಮುಂದಿನ ಫ್ರೇಮುಗಳನ್ನು ಸೇರಿಸಿಕೊಳ್ಳುವುದರಿಂದ ಫ್ಲ್ಯಾಶ್‌ಗಿಂತ ಮೊದಲೇ ಪಾಪೆ ಕದಲಿದಂತೆಯೂ ತೋರುತ್ತದೆ. ಪಾಪೆ ಕದಲಲು ಹಿಡಿದ ಸಮಯ 150 ಮಿಲಿಸೆಕೆಂಡಿಗಿಂತ ಕಡಿಮೆ ಎಂದು ಬಂದರೆ ಕಣ್ಣನ್ನು ಮೆಚ್ಚಿಕೊಳ್ಳದೆ ಸೆಟ್ಟಿಂಗ್ ನೋಡಿ. 30 ಫ್ರೇಮಿನ ವಿಡಿಯೋಗೆ 3 ಫ್ರೇಮ್ ಸ್ಮೂದಿಂಗ್ ಸಾಕು. ಗ್ರಾಫ್ ಚೆನ್ನಾಗಿ ಕಾಣಬೇಕಾದ ಅಗತ್ಯವೇ ಇಲ್ಲ.

ಫ್ರೇಮ್ ರೇಟ್ 60 ಎಂದು ಆರಿಸಿದ ಮಾತ್ರಕ್ಕೆ 60 ಸಿಗುವುದಿಲ್ಲ. ಶಾಮಿಯಾನದ ನೆರಳಲ್ಲಿ ಬೆಳಕು ಸಾಲದಿದ್ದರೆ ಫೋನು ತಾನೇ ಫ್ರೇಮ್ ಇಳಿಸಿಕೊಳ್ಳುತ್ತದೆ. 5 ಸೆಕೆಂಡಿನ ವಿಡಿಯೋದಲ್ಲಿ 300 ಫ್ರೇಮ್ ಇರಬೇಕು, 150ರ ಹತ್ತಿರ ಇದ್ದರೆ ಅರ್ಧ ಕಳೆದುಹೋಗಿದೆ ಎಂದರ್ಥ. ಎಕ್ಸ್‌ಪೋಷರ್, ಫೋಕಸ್ ಎರಡನ್ನೂ ಲಾಕ್ ಮಾಡಿ. ಎಚ್‌ಡಿಆರ್, ಬ್ಯೂಟಿ ಫಿಲ್ಟರ್, ಅಲುಗಾಟ ತಡೆಯುವ ಸ್ಟೆಬಿಲೈಸೇಷನ್ ಎಲ್ಲವನ್ನೂ ಆಫ್ ಮಾಡಿ. ‘ಫ್ಲಿಕರ್’ 60 ಹರ್ಟ್ಜ್ ಇದ್ದರೆ 50ಕ್ಕೆ ತನ್ನಿ. ನಮ್ಮ ಬೆಸ್ಕಾಂ ಕರೆಂಟು 50 ಹರ್ಟ್ಜ್, ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸೆಟ್ಟಿಂಗ್ ತಪ್ಪಿದ್ದರೆ ಚಿತ್ರದಲ್ಲಿ ಪಟ್ಟೆಗಳು ಹರಿದಾಡಿ, ಪಾಪೆಯ ಅಂಚೇ ನಡುಗಿದಂತೆ ದಾಖಲಾಗುತ್ತದೆ. 60 ಫ್ರೇಮಿನಲ್ಲಿ ಶಟರ್ 1/100 ಸೆಕೆಂಡಿಗೆ ನಿಂತರೆ ಪಟ್ಟೆ ಹೋಗುತ್ತದೆ. 120 ಫ್ರೇಮಿನಲ್ಲಿ ಅಷ್ಟು ಹೊತ್ತು ಶಟರ್ ತೆರೆದಿರಲು ಜಾಗವೇ ಇಲ್ಲ, ಅಲ್ಲಿ ಟ್ಯೂಬ್‌ಲೈಟ್ ಆರಿಸಿ ಬ್ಯಾಟರಿ ದೀಪ ಇಡುವುದೇ ದಾರಿ.

ನಮ್ಮವರ ಕಂದು, ಕಡುಗಂದು ಕಣ್ಣುಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಸಾಮಾನ್ಯ ಬೆಳಕಿನಲ್ಲಿ ಪಾಪೆಗೂ ಅದರ ಸುತ್ತಲಿನ ಐರಿಸ್‌ಗೂ ಬಣ್ಣದ ಅಂತರ ತೀರ ಕಡಿಮೆ. ಆಸ್ಪತ್ರೆಯ ಯಂತ್ರಗಳು ಇನ್‌ಫ್ರಾರೆಡ್ ಬಳಸುವುದಕ್ಕೆ ಇದೂ ಒಂದು ಕಾರಣ. ಫೋನಿನಲ್ಲಿ ‘ಕಾಂಟ್ರಾಸ್ಟ್ ಮಿತಿ’ಯನ್ನು ಅಂದಾಜಿಗೆ ತಿರುಗಿಸಿದರೆ ಆಪ್ ಐರಿಸ್‌ನ ಹೊರ ಅಂಚನ್ನೇ ಪಾಪೆ ಎಂದು ಹಿಡಿಯುತ್ತದೆ. ಪಾಪೆ ಬೆಳಕಿನಲ್ಲಿ 2ರಿಂದ 4, ಕತ್ತಲಲ್ಲಿ 4ರಿಂದ 8 ಮಿಲಿಮೀಟರ್. 9, 10 ಎಂದು ಬಂದರೆ ಆ ಪರೀಕ್ಷೆಯನ್ನು ಅಳಿಸಿ. ಬಿಡಿಸಿದ ವೃತ್ತ ಪಾಪೆಯ ಮೇಲೆಯೇ ಕೂತಿದೆಯೇ ಎಂದು ಪ್ರತಿ ವಿಡಿಯೋದಲ್ಲೂ ನಿಮ್ಮ ಕಣ್ಣಾರೆ ನೋಡಿ.

ಮಿಲಿಮೀಟರ್ ಲೆಕ್ಕಕ್ಕೆ ಹಲವು ಆಪ್‌ಗಳು ಐರಿಸ್‌ನ ಸರಾಸರಿ ಅಗಲ 11.7 ಎಂದು ಹಿಡಿಯುತ್ತವೆ. ಅದನ್ನು 10 ಮಾಡಿದರೆ ಎಲ್ಲರ ಪಾಪೆಯೂ ಸುಮಾರು 15 ಶೇಕಡ ಚಿಕ್ಕದಾಗುತ್ತದೆ. ಚಿತ್ರದಲ್ಲಿ ಐರಿಸ್ 117 ಪಿಕ್ಸೆಲ್ ಅಗಲವಿದ್ದರೆ ಒಂದು ಪಿಕ್ಸೆಲ್ 0.1 ಮಿಲಿಮೀಟರ್, ಎರಡೂ ಅಂಚಿನಲ್ಲಿ ಒಂದೊಂದು ಪಿಕ್ಸೆಲ್ ತಪ್ಪಿದರೆ 0.2. ಇಂಥ ಅಳತೆಯಲ್ಲಿ ಪಾಪೆಗಳ ವ್ಯತ್ಯಾಸಕ್ಕೆ 0.3ರ ಎಚ್ಚರಿಕೆ ಇಟ್ಟರೆ ಸುಮ್ಮಸುಮ್ಮನೆ ಕೆಂಪು ಗುರುತು ಬರುತ್ತದೆ. ಆರೋಗ್ಯವಂತರಲ್ಲೂ ಸುಮಾರು ಐವರಲ್ಲಿ ಒಬ್ಬರಿಗೆ 1 ಮಿಲಿಮೀಟರಿಗಿಂತ ಕಡಿಮೆಯ ವ್ಯತ್ಯಾಸ ಸಹಜವಾಗಿಯೇ ಇರುತ್ತದೆ. ಕೆಂಪು ಕಾಟ ತಪ್ಪಲೆಂದು ಮಿತಿಯನ್ನು 2ಕ್ಕೆ ಏರಿಸುವುದು ಇನ್ನೂ ಅಪಾಯ. 1ರಲ್ಲಿ ಇಡಿ. ಅದಕ್ಕಿಂತ ಕಡಿಮೆ ಇದ್ದೂ ರೆಪ್ಪೆ ಜೋತುಬಿದ್ದಿದ್ದರೆ ಆಪ್ ಏನೇ ಹೇಳಲಿ, ವೈದ್ಯರಿಗೆ ತೋರಿಸಿ.

ಫ್ಲ್ಯಾಶ್‌ಗೆ ಕಣ್ಣು ಮಿಟುಕುವುದು ಸಹಜ. ಆ ಖಾಲಿ ಜಾಗವನ್ನು ಆಪ್ ಗೆರೆ ಎಳೆದು ತುಂಬುತ್ತದೆ, ಅದರ ಮಿತಿ 300 ಮಿಲಿಸೆಕೆಂಡು ದಾಟದಿರಲಿ. ಒಂದು ಸೆಕೆಂಡಿಗೆ ಬಿಟ್ಟರೆ ಪಾಪೆ ಅತಿ ಕಿರಿದಾದ ಕ್ಷಣವೇ ಆಪ್‌ನ ಊಹೆಯಾಗಿಬಿಡುತ್ತದೆ. ಎರಡು ಅಳತೆಗಳ ನಡುವೆ 10ರಿಂದ 15 ಸೆಕೆಂಡು ಬಿಡಿ.

ಕೂರಿಸುವ ಮುಂಚೆ ಕೇಳಬೇಕಾದ್ದು: ಇವತ್ತು ಆಸ್ಪತ್ರೆಯಲ್ಲಿ ಕಣ್ಣಿಗೆ ಡ್ರಾಪ್ಸ್ ಹಾಕಿದ್ದಾರಾ? ಪಾಪೆ ಅಗಲಿಸುವ ಡ್ರಾಪ್ಸ್‌ಗಳಲ್ಲಿ ಟ್ರೋಪಿಕಮೈಡ್‌ನ ಪ್ರಭಾವ ಸಾಮಾನ್ಯವಾಗಿ 4ರಿಂದ 8 ಗಂಟೆ, ಅಟ್ರೋಪಿನ್‌ನದು ಒಂದು ವಾರ ದಾಟುವುದೂ ಉಂಟು. ಹಿಂದೆ ಕಣ್ಣಿನ ಆಪರೇಷನ್ ಆಗಿದ್ದರೆ, ಗ್ಲಾಕೋಮಾ ಡ್ರಾಪ್ಸ್ ಹಾಕುತ್ತಿದ್ದರೆ ಚೀಟಿಯಲ್ಲಿ ಬರೆಯಿರಿ.

ಇದ್ದಕ್ಕಿದ್ದಂತೆ ಒಂದು ಪಾಪೆ ಅಗಲವಾಗಿ, ಜೊತೆಗೆ ತೀವ್ರ ತಲೆನೋವು, ಎರಡೆರಡಾಗಿ ಕಾಣುವುದು ಅಥವಾ ರೆಪ್ಪೆ ಇಳಿಬಿದ್ದದ್ದು ಇದ್ದವರನ್ನು ಸಾಲಿನಲ್ಲಿ ನಿಲ್ಲಿಸಬೇಡಿ. ನೇರವಾಗಿ ನಿಮ್ಹಾನ್ಸ್‌ನಂಥ ನರರೋಗದ ತುರ್ತು ಚಿಕಿತ್ಸೆ ಇರುವ ಕಡೆ ಕಳಿಸಿ. ಒಂದು ಕಣ್ಣಿನ ದೃಷ್ಟಿ ಕೆಲವೇ ದಿನಗಳಲ್ಲಿ ಮಂಕಾದವರು ಅದೇ ದಿನ ಮಿಂಟೋ ಆಗಲಿ, ಹತ್ತಿರದ ಬೇರೆ ಕಣ್ಣಾಸ್ಪತ್ರೆಯಾಗಲಿ ಸೇರಬೇಕು.

ಶಿಬಿರ ನಡೆಸುವವರು ಬೆಳಗ್ಗೆ ಸೆಟ್ಟಿಂಗ್ ಪುಟದ ಸ್ಕ್ರೀನ್‌ಶಾಟ್ ತೆಗೆದು, ಸಂಜೆ ಇನ್ನೊಂದು ತೆಗೆದು ಹೋಲಿಸಿ. ಎರಡರಲ್ಲಿ ವ್ಯತ್ಯಾಸವಿದ್ದರೆ ಆ ದಿನದ ಹಸಿರು ಗುರುತಿನವರಿಗೆಲ್ಲ ಫೋನ್ ಮಾಡಿ ಮತ್ತೆ ಕರೆಯಿರಿ, ಬಂದವರಿಗೆ ಟಾರ್ಚ್ ಆಡಿಸಿ ನೋಡಬಲ್ಲ ಒಬ್ಬ ಆಪ್ಟೋಮೆಟ್ರಿಸ್ಟ್ (ಕಣ್ಣು ಪರೀಕ್ಷಿಸುವ ತಜ್ಞ) ಅಲ್ಲಿರಲಿ.