ಆಪ್ಟೇನ್ ಮಾಡ್ಯೂಲುಗಳ ಮೇಲೆ ಎಫ್‌ಪಿ-ಟ್ರೀ: ದೀರ್ಘ ಬಳಕೆಯ ವಿಮರ್ಶೆ

ವಿದ್ಯುತ್ ಹೋದರೂ ಬರೆದದ್ದನ್ನು ಉಳಿಸಿಕೊಳ್ಳುವ ಮೆಮೊರಿಯಾದ ಇಂಟೆಲ್ ಆಪ್ಟೇನ್ ಪರ್ಸಿಸ್ಟೆಂಟ್ ಮೆಮೊರಿ 2019ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಬೆಲೆ ನಮ್ಮಂಥ ಸಣ್ಣ ತಂಡಕ್ಕೆ ಎಟುಕುವಂತಿರಲಿಲ್ಲ. ಹಳೆಯ ಸರ್ವರುಗಳಿಂದ ಕಳಚಿದ 128 ಜಿಬಿ ಮಾಡ್ಯೂಲುಗಳು ಕಡಿಮೆ ಬೆಲೆಗೆ ಸಿಕ್ಕ ಮೇಲೆ, ಇಂಥ ಮೆಮೊರಿಗೆಂದು 2016ರಲ್ಲಿ ಪ್ರಕಟವಾದ, ಮರದ ಆಕಾರದ ಎಫ್‌ಪಿ-ಟ್ರೀ ವಿನ್ಯಾಸವನ್ನು ಅನುಸರಿಸಿ ನಮ್ಮ ಡೇಟಾಬೇಸಿನ ಇಂಡೆಕ್ಸನ್ನು (ದಾಖಲೆಗಳನ್ನು ಬೇಗ ಹುಡುಕುವ ಸೂಚಿಯನ್ನು) ಆ್ಯಪ್ ಡೈರೆಕ್ಟ್ (ಪ್ರೋಗ್ರಾಂ ನೇರವಾಗಿ ಆಪ್ಟೇನಿಗೆ ಬರೆಯುವ) ವಿಧಾನದಲ್ಲಿ ಅವುಗಳ ಮೇಲೆ ನಡೆಸುತ್ತಿದ್ದೇವೆ.

ನನಗೆ ಇಂದಿಗೂ ಸಂತೋಷ ಕೊಡುವುದು ಸರ್ವರ್ ಮರುಪ್ರಾರಂಭವಾಗುವ ಹೊತ್ತು. ಮೊದಲು ಕರ್ನಲ್ ಅಪ್‌ಡೇಟ್ ಮಾಡಿದಾಗಲೆಲ್ಲ ಇಡೀ ಟೇಬಲನ್ನು ಓದಿ ಇಂಡೆಕ್ಸನ್ನು ಹೊಸದಾಗಿ ಕಟ್ಟಬೇಕಿತ್ತು. ಈಗ ಮರದ ಎಲೆಗಳು, ಅಂದರೆ ಕೀಲಿಗಳೂ ಅವುಗಳ ಮೌಲ್ಯಗಳೂ ಇರುವ ಕೊನೆಯ ಗಂಟುಗಳು, ಆಪ್ಟೇನಿನಲ್ಲೇ ಉಳಿದಿರುತ್ತವೆ. ಅವುಗಳ ಸರಪಣಿಯನ್ನು ಒಮ್ಮೆ ಹಾದುಹೋಗಿ ಎಲೆಗಳತ್ತ ದಾರಿ ತೋರುವ ಒಳಗಂಟುಗಳನ್ನು ಮಾತ್ರ ಸಾಮಾನ್ಯ ಮೆಮೊರಿಯಾದ ಡಿರ‍್ಯಾಮಿನಲ್ಲಿ ಕಟ್ಟಿಕೊಂಡರೆ ಸಾಕು. ಎಲೆಯೊಳಗಿನ ಕೀಲಿಗಳನ್ನು ಕ್ರಮವಾಗಿ ಜೋಡಿಸಿರುವುದಿಲ್ಲ. ಹೊಸ ನಮೂದನ್ನು ಖಾಲಿ ಜಾಗದಲ್ಲಿ ಬರೆದು, ಪ್ರೊಸೆಸರಿನ ಕ್ಯಾಶೆಯಿಂದ ಆಪ್ಟೇನಿಗೆ ತಳ್ಳಿ (ಫ್ಲಶ್ ಮಾಡಿ), ಕೊನೆಯಲ್ಲಿ ಯಾವ ಜಾಗಗಳು ತುಂಬಿವೆಯೆಂದು ಹೇಳುವ 8 ಬೈಟಿನ ಬಿಟ್‌ಮ್ಯಾಪನ್ನು ಒಂದೇ ಅವಿಭಾಜ್ಯ ಬರಹದಲ್ಲಿ ಬದಲಿಸುವುದರಿಂದ, ನಡುವೆ ವಿದ್ಯುತ್ ಹೋದರೂ ಅರ್ಧ ಬರೆದ ನಮೂದು ಲೆಕ್ಕಕ್ಕೆ ಬರುವುದಿಲ್ಲ. ಪ್ರತಿ ಕೀಲಿಗೆ ಅದರಿಂದ ಲೆಕ್ಕಹಾಕಿದ ಒಂದು ಬೈಟಿನ ಗುರುತು, ಅಂದರೆ ಫಿಂಗರ್‌ಪ್ರಿಂಟ್ ಇರುವುದರಿಂದ ಹುಡುಕಾಟದಲ್ಲಿ ಸಾಮಾನ್ಯವಾಗಿ ಒಂದೇ ಕೀಲಿಯನ್ನು ಹೋಲಿಸಿದರೆ ಮುಗಿಯುತ್ತದೆ. ಇಷ್ಟು ಅಚ್ಚುಕಟ್ಟಾದ ರಚನೆಯನ್ನು ನಾನು ಬೇರೆಡೆ ಬಳಸಿಲ್ಲ.

ಬರಹದ ವಿಷಯದಲ್ಲಿ ಮಾತ್ರ ಅಸಮಾಧಾನ ಬೆಳೆಯುತ್ತಲೇ ಬಂದಿದೆ. ಪ್ರೊಸೆಸರ್ 64 ಬೈಟುಗಳನ್ನು ಕಳುಹಿಸಿದರೂ ಆಪ್ಟೇನ್ ಒಳಗೆ 256 ಬೈಟುಗಳ ತುಂಡಿನಲ್ಲಿ ಕೆಲಸ ಮಾಡುತ್ತದೆ. ಚದುರಿದ ಸಣ್ಣ ಬರಹಗಳು ಬಂದಾಗ ಪ್ರತಿ ಬಾರಿಯೂ ಇಡೀ ತುಂಡನ್ನು ಓದಿ, ತಿದ್ದಿ, ಮತ್ತೆ ಬರೆಯಬೇಕಾಗುತ್ತದೆ. ಎಲೆಗಳನ್ನು 256 ಬೈಟಿನ ಗಡಿಗೆ ಹೊಂದಿಸಿದ ಮೇಲೆ ಸ್ಥಿತಿ ಸುಧಾರಿಸಿತಾದರೂ, ಬರೆಯುವ ಥ್ರೆಡ್‌ಗಳನ್ನು ಹೆಚ್ಚಿಸಿದಾಗ ವೇಗ ಇಳಿಯುವುದು ನಿಲ್ಲಲಿಲ್ಲ. ಇಂಟೆಲಿನ ಸರ್ವರ್ ಪ್ರೊಸೆಸರುಗಳಾದ ಮೂರನೆಯ ತಲೆಮಾರಿನ ಜಿಯಾನ್‌ಗಳಲ್ಲಿರುವ ಇಎಡಿಆರ್ (ವಿದ್ಯುತ್ ಹೋದಾಗ ಕ್ಯಾಶೆಯಲ್ಲಿರುವುದನ್ನೂ ತಾನೇ ಉಳಿಸುವ) ಸೌಲಭ್ಯವಿದ್ದರೆ ಫ್ಲಶ್ ಆದೇಶದ ಹೊರೆಯಾದರೂ ತಪ್ಪುತ್ತಿತ್ತು, ನಮ್ಮದು ಎರಡನೆಯದು.

ಬೆಳಿಗ್ಗೆ ಲಾಗಿನ್ ಆದೊಡನೆ ಆಪ್ಟೇನ್ ಮಾಡ್ಯೂಲುಗಳ ಸ್ಥಿತಿ ತೋರಿಸುವ ಐಪಿಎಂಸಿಟಿಎಲ್ ಎಂಬ ಸಾಧನವನ್ನು ಚಲಾಯಿಸಿ, ಪ್ರತಿ ಮಾಡ್ಯೂಲಿನಲ್ಲಿ ಶೇಕಡಾ ಎಷ್ಟು ಆಯುಷ್ಯ ಉಳಿದಿದೆಯೆಂದು ನೋಡುವುದು ನನಗೆ ರೂಢಿಯಾಗಿದೆ. ಇಂಟೆಲ್ 2022ರಲ್ಲಿ ಆಪ್ಟೇನ್ ವ್ಯವಹಾರವನ್ನು ನಿಲ್ಲಿಸುವುದಾಗಿ ಪ್ರಕಟಿಸಿದ ಮೇಲೆ ಆ ಅಂಕಿಗೆ ಹೆಚ್ಚಿನ ಬೆಲೆ ಬಂದಿದೆ. ಓದು ಹೆಚ್ಚಾಗಿ ಬರಹ ಕಡಿಮೆಯಿರುವ, ಬೇಗ ಮರುಪ್ರಾರಂಭವಾಗಬೇಕಾದ ಕೆಲಸ ನಿಮ್ಮದಾಗಿದ್ದು, ಹೊಂದುವ ಸರ್ವರ್ ಈಗಾಗಲೇ ಕೈಯಲ್ಲಿದ್ದರೆ, ಹಳೆಯ ಆಪ್ಟೇನ್ ಮಾಡ್ಯೂಲುಗಳನ್ನು ಬದಲಿ ಮಾಡ್ಯೂಲುಗಳ ಸಮೇತ ಕೊಳ್ಳಬಹುದು. ಇದಕ್ಕಾಗಿಯೇ ಹೊಸ ಯಂತ್ರ ಕೊಳ್ಳಲು ನಾನು ಹೇಳಲಾರೆ.